ಜ್ವಾಳ ಹೆಚ್ಚಾಗ್ಯಾವ

ವಿಜಾಪುರ, ಇಬ್ರಾಹಿಂಪುರ
೩ ಜುಲೈ ೧೯೪೪

ಅವ್ವನ ಪಾದಕ್ಕೆ ಶಿವಯೋಗಿಯ ಶರಣು.

ಮಲ್ಲಿಕಸಾಬ ಕಾಕಾ ಈ ಪತ್ರ ಓದಿ ಹೇಳುವಾಗ ಹೊಲಿಗೆ ಮಷೀನು ನಿಲ್ಲಿಸಲಿ. ಹೋದ ಸಲ ಅಕ್ಕನ ಪತ್ರದ ಅರ್ಧ ಮಾತು ಮಷೀನಿನ ಸಪ್ಪಳದಲ್ಲಿ ಹೋಗಿ, ಗಂಡು ಹುಟ್ಟಿದ್ದನ್ನು ನೀನು ಹೆಣ್ಣು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಶನಿವಾರ ನೌಕರಿಗೆ ಹಾಜರಾದೆ. ಯುದ್ಧ ಬಂದ ಮೇಲೆ ತೆರೆದ ಧಾನ್ಯದ ಕಚೇರಿ ಇದು. ಹಳ್ಳಿ ಹಳ್ಳಿಗೆ ಹೋಗಿ ಯಾರ ಮನೆಯಲ್ಲಿ ಎಷ್ಟು ಜೋಳ ಇದೆ ಎಂದು ಬರೆದುಕೊಂಡು ಬರುವುದು ನನ್ನ ಕೆಲಸ. ಹೆಚ್ಚಿಗೆ ಇದ್ದವರಿಂದ ಸರಕಾರ ಲೆವಿ ಎಂದು ತೆಗೆದುಕೊಳ್ಳುತ್ತದೆ. ಇಲ್ಲದವರಿಗೆ ರೇಶನ್ ಕಾರ್ಡು ಕೊಡುತ್ತದೆ. ಎಲ್ಲ ನಾನು ಬರೆದದ್ದರ ಮೇಲೆಯೇ ನಡೆಯುತ್ತದೆ ಎಂದರೆ ನಿನಗೆ ನಗು ಬಂದೀತು.

ಹೆಡ್ ಕಾರಕೂನ ತುಕಾರಾಮಪಂತರು ನನ್ನ ಅರ್ಜಿ ನೋಡಿ, "ಅಕ್ಷರ ಛಲೋ ಅದಾವ. ತಲಿ ಹೆಂಗೈತೋ ಎರಡು ತಿಂಗಳು ನೋಡೂಣು" ಎಂದರು. ಎಲ್ಲ ಸರಿ ಹೋದರೆ ಸಪ್ಟಂಬರ ಒಂದಕ್ಕೆ ಕಾಯಂ ಆಗುತ್ತೇನೆ.

ರೈಲು ಹಳಿಯ ಹತ್ತಿರ ಲಾಡಲೇಸಾಬ ಎಂಬುವರ ಮನೆಯ ಹೊರಗಿನ ಖೋಲಿ ಹಿಡಿದಿದ್ದೇನೆ. ಅವರು ಸ್ಟೇಶನ್ನಿನಲ್ಲಿ ಚೀಲ ಹೊರುವವರ ಮೇಸ್ತ್ರಿ. ರೊಟ್ಟಿ ನಾನೇ ಬಡಿದುಕೊಳ್ಳುತ್ತೇನೆ. ಇನ್ನೂ ದುಂಡಗೆ ಬರುತ್ತಿಲ್ಲ. ಅಪ್ಪನ ದಮ್ಮು ಹೇಗಿದೆ? ತಂಗಿ ಗುರುಬಸವ್ವನಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಮಗ,
ಶಿವಯೋಗೆಪ್ಪ


ಬಬಲೇಶ್ವರ
೧೨ ಜುಲೈ ೧೯೪೪

ಶಿವಯೋಗಿ,

ನಿಮ್ಮವ್ವ ಶಂಕ್ರೆವ್ವ ಹೇಳಾಕತ್ತಾಳ, ಮಲ್ಲಿಕಸಾಬ ಬರ್ಯಾಕತ್ತಾನ. ನಾ ಅಂದದ್ದನ್ನ ಅಂದಂಗ ಬರಿ, ನಿನ್ನ ಪುಸ್ತಕದ ಮಾತು ಬ್ಯಾಡ ಅಂತ ಅವಗ ಮೊದಲ ಹೇಳೇನಿ.

ನೌಕರಿ ಸಿಕ್ಕಿದ್ದು ಕೇಳಿ ನಿಮ್ಮಪ್ಪ ಎದ್ದು ಹೋಗಿ ಬಸವಣ್ಣನ ಗುಡಿ ಕಟ್ಟಿ ಮ್ಯಾಲೆ ಕುಂತು ಬಂದ. ದಮ್ಮಿನಾಗ ಅಷ್ಟು ದೂರ ನಡದದ್ದು ಎರಡು ತಿಂಗಳ ಮ್ಯಾಲೆ ಇದ ಮೊದಲು.

ಗುರುಬಸವ್ವನ ನೋಡಾಕ ಜೈನಾಪುರದಾವ್ರು ಬಂದಿದ್ರು. ಹುಡುಗಿ ಬಣ್ಣ ಕಪ್ಪಾತು ಅಂತ ಒಬ್ಬರ ಮಾರಿ ಒಬ್ಬರು ನೋಡಾಕತ್ತಿದ್ರು. ಅಣ್ಣ ಸರಕಾರಿ ಕಚೇರಿಯಾಗ ಅದಾನ ಅಂದೆ, ಅವರ ಕಣ್ಣಿಗೆ ಹುಡುಗಿ ತುಸು ಬೆಳ್ಳಗ ಕಂಡ್ಳು. ಅವ ಕಾಯಂ ಆಗ್ಲಿ, ದೀಪಾವಳಿ ಹೊತ್ತಿಗೆ ಮಾತಾಡೂಣು ಅಂದು ಹೋಗ್ಯಾರ. ಅದಕ್ಕ ಈಗ ನಿನ್ನ ಹೆಗಲ ಮ್ಯಾಲೆ ನಿಮ್ಮ ತಂಗಿನೂ ಕುಂತಾಳ, ತಿಳಕೋ.

ನಿನ್ನೆ ಬೀಸೂವಾಗ ಎಡಗೈಯಾಗಿನ ಎರಡು ಬಳಿ ಹೆಚ್ಚಾದವು. ಈ ಮಲ್ಲಿಕಸಾಬ 'ಒಡದವು' ಅಂತ ಬರದಿದ್ದ, ಕೈ ಮ್ಯಾಲೆ ಹೊಡದು ಅಳಸೇನಿ. ಗಂಡ ಇದ್ದ ಹೆಂಗಸಿನ ಬಳಿ ಒಡ್ಯಾಂಗಿಲ್ಲ, ಹೆಚ್ಚಾಕ್ಕಾವ. ದೀಪ ಆರಂಗಿಲ್ಲ, ದೊಡ್ಡದಾಕ್ಕತಿ. ಗಡಿಗ್ಯಾಗ ಜ್ವಾಳ ತೀರಂಗಿಲ್ಲ, ಹೆಚ್ಚಾಕ್ಕಾವ. ನೀ ಸಣ್ಣಾಂವ ಇದ್ದಾಗ ಒಮ್ಮೆ ದೀಪ ಹಚ್ಚೂ ಹೊತ್ತಿನ್ಯಾಗ 'ಉಪ್ಪು ಇಲ್ಲ' ಅಂದಿದ್ದಿ, ಬಾಯಿ ಮ್ಯಾಲೆ ಕೊಟ್ಟಿದ್ದೆ, ನೆನಪೈತಿಲ್ಲೊ? 'ಇಲ್ಲ' ಅಂದ್ರ ಮನಿ ಕೇಳಿಸ್ಕೊಂತೈತಿ. ನಿಂದು ಮಂದಿ ಮನಿ ಹೊಸ್ತಿಲಾ ತುಳಿಯೂ ಕೆಲಸ. ಯಾರ ಮನ್ಯಾಗೂ ಆ ಮಾತು ಬಾಯಿಂದ ಬಿಡಬ್ಯಾಡ.

ಕಾಯಂ ಆಗಿ ಊರಿಗೆ ಬಾ.

ನಿಮ್ಮವ್ವ

ಕೆಳಗೆ ನನ್ನದೊಂದು ಮಾತು: ಹೊಡೆದದ್ದು ನನ್ನ ಗಜಕಡ್ಡಿಯಿಂದಲೇ. ಬೆರಳು ಇನ್ನೂ ಉರಿಯುತ್ತಿದೆ. — ಮಲ್ಲಿಕಸಾಬ


ವಿಜಾಪುರ
೨೯ ಜುಲೈ ೧೯೪೪

ಅವ್ವಾ, ಶರಣು.

ಟಿಕೋಟಾಕ್ಕೆ ಹೋಗಿ ಬಂದೆ. ಮೂರು ದಿನ ಚಾವಡಿಯಲ್ಲಿ ವಸ್ತಿ. ಹಗಲೆಲ್ಲ ಮನೆ ಮನೆ ತಿರುಗಿದೆ. ಜನ ನನ್ನನ್ನು ನೋಡಿ ಕದ ಹಾಕಿಕೊಳ್ಳುತ್ತಾರೆ. ಲೆವಿಯವನು ಬಂದನೆಂದರೆ ಈಯುತ್ತಿರುವ ಎಮ್ಮೆಯೂ ಕರುವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದು ಒಬ್ಬ ಮುದುಕ ಮುಖದ ಮೇಲೆಯೇ ಅಂದ. ನಾನೂ ನಕ್ಕೆ, ಮತ್ತೇನು ಮಾಡಲಿ.

ಕಡೆಯ ಓಣಿಯಲ್ಲಿ ಕಾಳವ್ವ ಎಂಬಾಕೆಯ ಮನೆ. ನಿನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಗಂಡ ಅಮೋಘಿಗೆ ಲಕ್ವಾ ಹೊಡೆದು ಹೊರಸು ಹಿಡಿದಿದ್ದಾನೆ. ಮಗ ಸೊಸೆ ಸೊಲ್ಲಾಪುರದ ಗಿರಣಿಗೆ ಹೋದವರದು ಎರಡು ವರ್ಷದಿಂದ ಸುದ್ದಿ ಇಲ್ಲ. ಆರು ವರ್ಷದ ಮೊಮ್ಮಗಳು ಇವರ ಹತ್ತಿರ ಇದ್ದಾಳೆ. ನಾನು ಹೋದಾಗ ಕಾಳವ್ವ ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು.

"ಜ್ವಾಳ ಎಷ್ಟದಾವಬೇ?" ಎಂದು ಕೇಳಿದೆ.

ಆಕೆ ಗಂಡನ ಕಡೆಗೊಮ್ಮೆ ನೋಡಿದಳು, ದೀಪದ ಕಡೆಗೊಮ್ಮೆ ನೋಡಿದಳು. "ಹೆಚ್ಚಾಗ್ಯಾವಪಾ" ಎಂದಳು.

ಮೂಲೆಯಲ್ಲಿ ಗಡಿಗೆಗಳು ಬೋರಲು ಬಿದ್ದಿದ್ದವು. ಮತ್ತೆ ಕೇಳುವ ಅಗತ್ಯ ಇರಲಿಲ್ಲ. ಬೇರೆಯವರ ಮುಂದೆ ಎರಡು ಚೀಲ, ಆರು ಸೇರು ಎಂದು ಬರೆದಿದ್ದೆ. ಇಲ್ಲಿ 'ಇಲ್ಲ' ಎಂದು ಬರೆಯಬೇಕಿತ್ತು. ಎದುರಿಗೆ ದೀಪ ಉರಿಯುತ್ತಿತ್ತು, ಆಕೆ ಆಡದ ಮಾತನ್ನು ನಾನು ಹೇಗೆ ಬರೆಯಲಿ? ಆಕೆ ಅಂದಂತೆಯೇ "ಜೋಳ ಹೆಚ್ಚಾಗಿವೆ" ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ.

ಹೊರಡುವಾಗ ಚರಿಗೆಯಲ್ಲಿ ನೀರು ಕೊಟ್ಟಳು. "ಬರೇ ನೀರು ಕೊಡಬಾರ್ದು, ಬೆಲ್ಲಾನೂ ಹೆಚ್ಚಾಗೇತಿ" ಎಂದು ನಕ್ಕಳು. ಅವ್ವಾ, ನನಗೆ ನೀನೇ ನಿಂತು ಮಾತಾಡಿದ ಹಾಗಾಯಿತು. ನೀನು ಹೇಳಿದ ಮಾತು ನಡೆಸಿದೆನೆಂದು ಸಂತೋಷಪಡು.

ನಿನ್ನ ಮಗ,
ಶಿವಯೋಗೆಪ್ಪ


ವಿಜಾಪುರ
೧೬ ಆಗಸ್ಟ್ ೧೯೪೪

ಅವ್ವಾ,

ಎರಡು ದಿನದಿಂದ ಊಟ ಸೇರುತ್ತಿಲ್ಲ. ನಿನ್ನನ್ನು ಒಂದು ಮಾತು ಕೇಳಬೇಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಟಿಕೋಟಾದ ಪಟ್ಟಿ ಸಾಹೇಬರ ಸಹಿಯಾಗಿ ಬಂತು. ನಾನು ಕನ್ನಡದಲ್ಲಿ ಬರೆದದ್ದನ್ನು ತುಕಾರಾಮಪಂತರು ಇಂಗ್ಲಿಷಿಗೆ ಇಳಿಸುತ್ತಾರೆ, ಸಾಹೇಬರು ಅದನ್ನು ನೋಡುತ್ತಾರೆ. ಹೆಚ್ಚುವರಿ ಜೋಳ ಇರುವ ಮನೆಗಳು ಎಂಬ ಪಟ್ಟಿಯಲ್ಲಿ ಒಂದೇ ಒಂದು ಹೆಸರು ಇತ್ತು. ಅಮೋಘಿಯ ಮನೆ, ಹೇಳಿಕೆ ಕೊಟ್ಟವಳು ಹೆಂಡತಿ ಕಾಳವ್ವ. ಮೂರು ಚೀಲ ಲೆವಿ ತುಂಬಬೇಕು, ರೇಶನ್ ಕಾರ್ಡು ಬಂದ್ ಎಂದು ಹುಕುಂ ಆಗಿದೆ. ತುಂಬದಿದ್ದರೆ ಜೋಳ ಬಚ್ಚಿಟ್ಟ ಹಗೇವು ಮನೆಯೊಳಗೆ ಎಲ್ಲಿದೆ ಎಂದು ಅಗೆದು ನೋಡುತ್ತಾರೆ.

ಕಾಗದ ಹಿಡಿದು ಪಂತರ ಹತ್ತಿರ ಓಡಿದೆ. "ಇದರ ಅರ್ಥ ಹಿಂಗಲ್ರಿ. ತೀರ್ಯಾವ ಅನ್ನೂದಕ್ಕ ಹಂಗ ಅಂತಾರ್ರಿ" ಎಂದೆ.

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ನನಗ ಕಲಸ್ತಿ? ನಮ್ಮ ಮರಾಠಿ ಮಂದಿ ಮನ್ಯಾಗೂ ಬಳಿ ಹೆಚ್ಚಾಕ್ಕಾವ. ಆದ್ರ ಕಾಗದಕ್ಕ ಅವ್ವ ಇಲ್ಲ ತಮ್ಮಾ. ನೀ ಏನ ಬರದಿ, ಅದನ್ನ ಅದು ಹೇಳತೈತಿ."

"ತಿದ್ದಿಕೊಡ್ತೀನ್ರಿ."

"ಸಾಹೇಬ್ರು ಸಹಿ ಮಾಡ್ಯಾರ. ಇಷ್ಟು ಹಳ್ಳಿಯೊಳಗ ಒಂದ ಮನಿ ಆದ್ರೂ ಸಿಕ್ತಲ್ಲ ಅಂತ ಮ್ಯಾಲಿನಾವ್ರಿಗೆ ಬರದೂ ಕಳಿಸ್ಯಾರ. ಈಗ ಹೋಗಿ ನೀ ಬರದದ್ದು ತಪ್ಪು ಅಂದ್ರ ನಿನ್ನ ಕಾಯಂ ಮಾಡ್ತಾರ? ಎರಡು ವಾರ ಬಾಯಿ ಮುಚ್ಕೊಂಡು ಕೂಡು. ಒಂದನೇ ತಾರೀಖು ಆಗ್ಲಿ, ನಾನ ನಿಂತು ತಿದ್ದಸ್ತೀನಿ."

ಅವರು ಕೆಟ್ಟವರಲ್ಲ. ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೆ ಕಾರ್ಡು ಬಂದ್ ಆದರೆ ಆ ಮುದುಕ ಏನು ತಿನ್ನುತ್ತಾನೆ? ನಾನು ನೇರ ಸಾಹೇಬರ ಹತ್ತಿರ ಹೋಗಲೇ? ಹೋದರೆ ನೌಕರಿ ಉಳಿಯುವುದಿಲ್ಲ, ಗುರುಬಸವ್ವನ ಮಾತೂ ಮುರಿಯುತ್ತದೆ. ನೀನು ಹೋಗು ಅಂದರೆ ಅದೇ ದಿನ ಹೋಗುತ್ತೇನೆ.

ಶಿವಯೋಗಿ


ಬಬಲೇಶ್ವರ
೨೧ ಆಗಸ್ಟ್ ೧೯೪೪

ಶಿವಯೋಗಿ,

ನಿನ್ನ ಪತ್ರ ಎರಡು ಸಲ ಓದಿಸಿಕೊಂಡೆ. ನಿಮ್ಮಪ್ಪಗ ಕೇಳಿಸಲಿಲ್ಲ.

ಬಾಯಿದ್ದಾವ ಬರಗಾಲದಾಗೂ ಬದಕ್ಯಾನ ಅಂತಾರ ಖರೆ. ಆ ಮಾತು ಮಾಡಿದಾಂವ ಕಚೇರಿಯಾಗ ನೌಕರಿ ಮಾಡಿರಲಿಲ್ಲ. ಕುದುರಿ ಹಿಂದ, ಸರಕಾರದ ಮುಂದ ನಿಲ್ಲಬಾರದು. ಆ ಪಂತ ತಿಳಿದಾಂವ ಅದಾನ, ಅಂವ ಹೇಳಿದಂಗ ಕೇಳು. ಆ ಮುದುಕಿಗೆ ಓಣಿ ಇಲ್ಲೇನು, ಒಂದು ಹಿಡಿ ಹಿಟ್ಟು ಕೊಡೂ ಮಂದಿ ಇಲ್ಲೇನು? ಎರಡು ವಾರದಾಗ ಯಾರೂ ಸಾಯಾಂಗಿಲ್ಲ. ನಾವು ಒಪ್ಪೊತ್ತು ಉಣ್ಣಾಕ ಹತ್ತಿ ತಿಂಗಳಾತು, ಸತ್ತೇವೇನು? ನಮ್ಮ ಮನ್ಯಾಗೂ ಜ್ವಾಳ ಹೆಚ್ಚಾಗ್ಯಾವ. ನಿನಗ ಹೇಳಿರಲಿಲ್ಲ, ಇಷ್ಟ.

ಗುರುಬಸವ್ವ ನಾ ಹೇಳೂದು ಕೇಳಿ ಒಳಗ ಹೋಗಿ ಕುಂತಾಳ. ಅಕಿಗೆ ಹದಿನೇಳು ತುಂಬಿದವು. ಈ ಮನಿ ಬಾಗಲಾ ತುಳದಾವ್ರು ಜೈನಾಪುರದಾವ್ರು ಒಬ್ಬರ.

ಒಂದನೇ ತಾರೀಖಿನ ತನಕ ಸುಮ್ಮನಿರು. ಆಮ್ಯಾಲೆ ತಿದ್ದಿಸಿ ಆ ಮುದುಕಿ ಕಾಲಿಗೆ ಬೀಳು.

ನಿಮ್ಮವ್ವ

ನಾನಾಗಿದ್ದರೆ ಇದರಲ್ಲಿ ಒಂದೆರಡು ಮಾತು ಬಿಟ್ಟು ಬರೆಯುತ್ತಿದ್ದೆ. ಅಂದಂಗ ಬರಿ ಅಂದಳು, ಬರೆದೆ. — ಮಲ್ಲಿಕಸಾಬ


ವಿಜಾಪುರ
೪ ಸಪ್ಟಂಬರ ೧೯೪೪

ಮೆಹರಬಾನ ಸಾಹೇಬರ ಸೇವೆಗೆ,

ಕೆಳಗೆ ಸಹಿ ಮಾಡಿದ ಕಾರಕೂನನ ಅರಿಕೆ. ನನ್ನನ್ನು ಇದೇ ತಿಂಗಳ ಒಂದನೇ ತಾರೀಖಿನಿಂದ ಕಾಯಂ ಮಾಡಿದ ಹುಕುಂ ತಲುಪಿದೆ. ಆ ನೌಕರಿಗೆ ಇಂದಿನಿಂದ ರಾಜೀನಾಮೆ ಕೊಡುತ್ತಿದ್ದೇನೆ.

ಕಾರಣ: ಟಿಕೋಟಾದ ಅಮೋಘಿಯ ಮನೆಯ ಬಗ್ಗೆ "ಜೋಳ ಹೆಚ್ಚಾಗಿವೆ" ಎಂದು ನಾನು ಬರೆದೆ. ನಮ್ಮ ಸೀಮೆಯ ಮನೆಗಳಲ್ಲಿ ಹೆಂಗಸರು ಮುಗಿದು ಹೋದದ್ದಕ್ಕೆ 'ಹೆಚ್ಚಾಯಿತು' ಎನ್ನುತ್ತಾರೆ. ಅದು ನನಗೆ ಗೊತ್ತಿತ್ತು. ಓದುವವರಿಗೂ ಗೊತ್ತಿರುತ್ತದೆ ಎಂದು ತಿಳಿದೆ. ತಪ್ಪು ಕಂಡ ಮೇಲೆಯೂ, ಆಗಸ್ಟ್ ಹದಿನಾಲ್ಕರಿಂದ ಇಪ್ಪತ್ತೊಂದು ದಿವಸ, ನೌಕರಿಯ ಆಸೆಯಿಂದ ಸುಮ್ಮನಿದ್ದೆ. ಅಮೋಘಿ ಆಗಸ್ಟ್ ಮೂವತ್ತಕ್ಕೆ ತೀರಿಕೊಂಡ.

ಆ ಮನೆಯ ಕಾರ್ಡನ್ನು ಈ ಕೂಡಲೇ ತಿರುಗಿ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ. ಇನ್ನೂ ಎರಡು ಜೀವ ಆ ಮನೆಯಲ್ಲಿವೆ.

ಶಿವಯೋಗೆಪ್ಪ ಯಲಗೂರಪ್ಪ
ಕಾರಕೂನ


ಕಚೇರಿಯಿಂದ
೯ ಸಪ್ಟಂಬರ ೧೯೪೪

ಕಾರಕೂನ ಶಿವಯೋಗೆಪ್ಪ ಇವರಿಗೆ ತಿಳಿಸುವುದು:

ನಿಮ್ಮ ರಾಜೀನಾಮೆಯನ್ನು ದೇಹಪ್ರಕೃತಿ ಸರಿಯಿಲ್ಲದ ಕಾರಣ ಕೊಟ್ಟದ್ದೆಂದು ದಾಖಲು ಮಾಡಿ ಮಂಜೂರು ಮಾಡಲಾಗಿದೆ. ಬೇರೆ ಕಾರಣಗಳನ್ನು ಪರಿಗಣಿಸಿಲ್ಲ.

ಟಿಕೋಟಾದ ಕಾರ್ಡಿನ ವಿಷಯ: ಕಾರ್ಡು ಮನೆಯ ಯಜಮಾನ ಅಮೋಘಿಯ ಹೆಸರಿನಲ್ಲಿತ್ತು. ಸದರಿ ಯಜಮಾನನು ಮೃತನಾದ್ದರಿಂದ ಅದನ್ನು ತಿರುಗಿ ಕೊಡುವ ಪ್ರಶ್ನೆ ಉಳಿಯುವುದಿಲ್ಲ. ವಾರಸುದಾರರು ಹೊಸದಾಗಿ ಅರ್ಜಿ ಮಾಡಿಕೊಳ್ಳತಕ್ಕದ್ದು.

ಸಾಹೇಬರ ಪರವಾಗಿ,
ತುಕಾರಾಮಪಂತ, ಹೆಡ್ ಕಾರಕೂನ


ವಿಜಾಪುರ
೧೧ ಸಪ್ಟಂಬರ ೧೯೪೪

ಮಲ್ಲಿಕಸಾಬ ಕಾಕಾ,

ಇದು ನಿಮಗೊಬ್ಬರಿಗೇ. ಅವ್ವನಿಗೆ ಓದಬೇಡಿ. ನೌಕರಿ ಬಿಟ್ಟ ಎಂದಷ್ಟೇ ಹೇಳಿ, ಬೈಯಲಿ.

ಒಂದನೇ ತಾರೀಖು ಶುಕ್ರವಾರ ಕಾಯಂ ಹುಕುಂ ಕೈಗೆ ಬಂತು. ಕೂಡಲೇ ಪಂತರನ್ನು ಹಿಡಿದೆ. "ಸೋಮವಾರ ಕಾಗದ ತಯಾರ ಮಾಡೂಣು" ಎಂದರು. ಮಾತು ತಪ್ಪಲಿಲ್ಲ. ಸೋಮವಾರ ಬೆಳಿಗ್ಗೆ ಮಸಿಯ ದೌತಿಯ ಮುಚ್ಚಳ ತೆಗೆದು ಕುಳಿತಿದ್ದರು.

ಆಗ ಕಾಳವ್ವ ಬಂದಳು. ಟಿಕೋಟಾದಿಂದ ನಡೆದು ಬಂದಿದ್ದಳು, ಹಿಂದಿನ ದಿನ ಹೊರಟು. ಸೊಂಟದ ಮೇಲೆ ಮೊಮ್ಮಗಳು. ಕೂಸಿನ ಕಾಲು ಸಣಕಲಾಗಿ ನೇತಾಡುತ್ತಿದ್ದವು. ನಾನು ಎದ್ದು ಹೊರಗೆ ಬಂದೆ. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಬದುಕುತ್ತಿದ್ದೆ. ಆಕೆ ಎಲ್ಲ ವರದಿ ಒಪ್ಪಿಸುವ ಹಾಗೆ ಹೇಳಿದಳು. ಇಬ್ಬರು ಸಿಪಾಯಿಗಳು ಬಂದು ಹಗೇವು ಎಲ್ಲಿ ಎಂದರಂತೆ. "ಹೆಚ್ಚಾಗ್ಯಾವ ಅಂತ ಆಗಲೇ ಹೇಳೇನಲ್ರಿ" ಎಂದಳಂತೆ. ಅದಕ್ಕೇ ಬಂದೇವಿ ಎಂದು ಅವರು ಪಡಸಾಲೆ ಅಗೆದರು. ಅಮೋಘಿಯನ್ನು ಹೊರಸು ಸಮೇತ ಅಂಗಳಕ್ಕೆ ಇಟ್ಟರು, ಆ ಸಂಜೆ ಮಳೆ ಬಂತು. ಅಗೆದ ನೆಲದಲ್ಲಿ ಹೊರಸು ನಿಲ್ಲದೆ ಅವನನ್ನು ಅಡುಗೆಮನೆಯಲ್ಲಿ ಮಲಗಿಸಿದಳು. ಓಣಿಯವರು ಜೋಳ ಬಚ್ಚಿಟ್ಟವಳೆಂದು ಹಿಟ್ಟು ಕೊಡಲಿಲ್ಲ. ಸರಕಾರವೇ ಬರೆದುಕೊಂಡಿದೆ, ಸುಳ್ಳಿರುತ್ತದೆಯೇ ಎಂದರಂತೆ. ಕಡೆಯ ನಾಲ್ಕು ದಿನ ಅವನಿಗೆ ಹುಣಸೆ ಬೀಜ ಕುದಿಸಿದ ನೀರು ಕುಡಿಸಿದ್ದಾಳೆ.

ಆಮೇಲೆ ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು ನನ್ನ ಮುಂದೆ ಹಿಡಿದಳು. ಬರಿಗೈ. ಬಳೆ ಇದ್ದ ಜಾಗ ಬೆಳ್ಳಗಿತ್ತು.

"ಬಳಿನೂ ಹೆಚ್ಚಾದವಪಾ" ಎಂದಳು. "ನೀ ನಾ ಅಂದದ್ದನ್ನ ಅಂದಂಗ ಬರಕೊಂಡಿದ್ದಿಯಲ್ಲ, ಇದನ್ನೂ ಬರಕೋ."

ಕಾಕಾ, ಆಕೆ ಚುಚ್ಚುವುದಕ್ಕೆ ಹೇಳಲಿಲ್ಲ. ಬರೆದರೆ ಏನೋ ಸಿಗುತ್ತದೆ ಎಂದು ಹೇಳಿದಳೋ ಏನೋ, ನನಗೆ ಗೊತ್ತಿಲ್ಲ. ನಾನು ಕಾಲಿಗೆ ಬಿದ್ದೆ. "ಏಳಪಾ, ಕಚೇರಿ ಮಂದಿ ನೋಡಾಕತ್ತಾರ" ಎಂದು ಅವಳೇ ಎಬ್ಬಿಸಿದಳು.

ಒಳಗೆ ಹೋಗಿ ಪಂತರ ದೌತಿಯಿಂದಲೇ ರಾಜೀನಾಮೆ ಬರೆದೆ. ಅವರು ಓದಿ, "ಹುಚ್ಚಾ, ಈಗ ತಿದ್ದಾಕತ್ತಿದ್ನೆಲ್ಲೋ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಅದರಿಂದ ಯಾರಿಗೆ ಏನಾಯಿತು?

ನನ್ನ ಖೋಲಿಯಲ್ಲಿದ್ದ ಜೋಳ ಅವಳ ಉಡಿಗೆ ಹಾಕಿದೆ, ಐದು ಸೇರು. ಈಗ ಲಾಡಲೇಸಾಬರ ಗುಂಪಿನಲ್ಲಿ ಸ್ಟೇಶನ್ನಿನಲ್ಲಿ ಚೀಲ ಹೊರುತ್ತಿದ್ದೇನೆ. ಹೊರುವುದೆಲ್ಲ ಜೋಳವೇ.

ಎರಡು ವಾರದ ಆ ಮಾತನ್ನು ಅವ್ವನಿಗೆ ಯಾರೂ ನೆನಪು ಮಾಡಬೇಡಿ. ಆಕೆ ಆಡಿದಳು, ಕೇಳಿಕೊಂಡು ಕುಳಿತವನು ನಾನು. ಬಬಲೇಶ್ವರಕ್ಕೆ ಬರಲು ನನಗೆ ಮುಖವಿಲ್ಲ.

ಶಿವಯೋಗಿ


ಬಬಲೇಶ್ವರ
೮ ಅಕ್ಟೋಬರ ೧೯೪೪

ಶಿವಯೋಗಿ,

ಮಲ್ಲಿಕಸಾಬ ಎಲ್ಲಾ ಓದಿದ. ಓದಬ್ಯಾಡ ಅಂದದ್ದನ್ನೂ ಓದಿದ. ಅವನ ಮಾರಿ ನೋಡಿ ನಾನ ಕೈಯಾನ ಕತ್ತರಿ ಕಸಗೊಂಡು ಓದಂತ ಕುಂತೆ.

ಎರಡು ವಾರದಾಗ ಯಾರೂ ಸಾಯಾಂಗಿಲ್ಲ ಅಂದಾಕಿ ನಾನು. ಅದು ನನ್ನ ಮಾತು, ನೀ ನಿನ್ನ ಹೆಸರಿಗೆ ಬರಕೋಬ್ಯಾಡ. ಇಷ್ಟು ದಿನ ಪತ್ರ ಯಾಕ ಹಾಕಲಿಲ್ಲ ಅಂದ್ರ ಈ ಮಾತು ಗಂಟಲದಾಗ ಸಿಕ್ಕೊಂಡಿತ್ತು.

ಹೋದ ವಾರ ಮಲ್ಲಿಕಸಾಬನ ಕರಕೊಂಡು ಟಿಕೋಟಾಕ್ಕ ಹೋಗಿದ್ದೆ. ಮನಿ ಕದ ತೆರದ ಇತ್ತು. ಪಡಸಾಲ್ಯಾಗ ಆಳುದ್ದ ತೆಗ್ಗು, ಮಳಿ ನೀರು ನಿಂತೈತಿ. ಮೊಮ್ಮಗಳನ್ನ ಕಟಗೊಂಡು ಮಗನ ಹುಡಕಾಕ ಸೊಲ್ಲಾಪುರದ ಹಾದಿ ಹಿಡದ್ಳು ಅಂತ ಓಣ್ಯಾಗ ಹೇಳಿದ್ರು. ನಡಕೋತ ಹೋಗ್ಯಾಳಂತ. ಮುಂದಿಂದು ಯಾರಿಗೂ ಗೊತ್ತಿಲ್ಲ.

ಜೈನಾಪುರದಾವ್ರು ಬ್ಯಾರೆ ಕಡೆ ಹೆಣ್ಣು ಗೊತ್ತು ಮಾಡ್ಯಾರ. ಗುರುಬಸವ್ವ ಅಳಲಿಲ್ಲ. ಅಣ್ಣ ಎಂದು ಬರ್ತಾನ ಅಂತ ಕೇಳಿದ್ಳು.

ಮೊನ್ನೆ ನಮ್ಮ ಮನಿಗೂ ಬರಕೊಳ್ಳಾವ ಬಂದಿದ್ದ. ನಿನ್ನ ಜಾಗಾಕ್ಕ ಬಂದಾಂವ, ನಿನ್ನಷ್ಟ ವಯಸ್ಸು. ದೀಪ ಹಚ್ಚಿ ಇನ್ನೂ ಕೈ ಮುಗದಿರಲಿಲ್ಲ. ನಿಮ್ಮಪ್ಪ ಹೊರಸಿನ ಮ್ಯಾಲೆ ದಮ್ಮು ಎಳಕೋತ ಕುಂತಿದ್ದ. ಜ್ವಾಳ ಎಷ್ಟದಾವ ಅಂದ. ನಿಮ್ಮಪ್ಪ ನನ್ನ ನೋಡಿದ. ನಾ ಹುಟ್ಟಿದಾಗಿಂದ ಆಡದ ಮಾತು ಆಡಿದೆ ಶಿವಯೋಗಿ. ಇಲ್ಲ ಅಂದೆ. ಬಾಯಾಗ ಮಣ್ಣು ಹೊಕ್ಕಂಗಾತು.

ಆ ಹುಡುಗ ತಲಿ ಎತ್ತಲಿಲ್ಲ. ಎಲ್ಲಾರೂ ಹಂಗ ಅಂತಾರ ಅಂದು, ಗಡಿಗಿ ಒಳಗ ಕೈ ಹಾಕಿ ಹಾಕಿ ನೋಡಿದ. ಆಮ್ಯಾಲೆ ಬರಕೊಂಡು ಹ್ವಾದ. ಏನ ಬರದ್ನೋ ನನಗ ಓದಾಕ ಬರಂಗಿಲ್ಲ.

ಕಾಯಂ ಆಗಿ ಊರಿಗೆ ಬಾ ಅಂದಿದ್ದೆ. ಆ ಮಾತು ಹಿಂದಕ ತೊಗೊಂಡೇನಿ. ಅಲ್ಲಿ ಚೀಲ ಹೊತ್ತದ್ದು ಸಾಕು.

ಇದೊಂದು ಮಾತು ಬರ್ಯಾಕ ಮಲ್ಲಿಕಸಾಬ ಒಲ್ಲೆ ಅನ್ನಾಕತ್ತಾನ. ದೀಪ ಹಚ್ಚೂ ಹೊತ್ತು, ಬ್ಯಾಡ ಶಂಕ್ರೆವ್ವಾ ಅಂತಾನ. ಅವನ ಕೈ ಹಿಡದು ಬರಸಾಕತ್ತೇನಿ. ನೀನೂ ಹಂಗ ಓದು, ಬ್ಯಾರೆ ಅರ್ಥ ಹುಡಕಬ್ಯಾಡ.

ಮನ್ಯಾಗ ಜ್ವಾಳ ಇಲ್ಲ. ನೀ ಬಾ.

ನಿಮ್ಮವ್ವ